ನಿಮ್ಮ ಹೆಸರಿನಲ್ಲಿ ಬರೆದ ಬ್ಲಾಗು

ಸೋಮವಾರ, ಅಕ್ಟೋಬರ್ ೧೪

ಗುಬ್ಬಿಯ ಅಪ್ಪನವರಿಗೆ,

ಹೇಗೆ ಕರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ‘ರೀ’ ಎಂದು ಕಾಗದದಲ್ಲಿ ಕೂಗಿದರೆ ನನಗೇ ನಗು ಬರುತ್ತದೆ. ಕೊನೆಗೆ, ಮಗಳು ಹುಟ್ಟಿದಂದಿನಿಂದ ಬೀದಿಯವರೆಲ್ಲ ನಿಮ್ಮನ್ನು ಕರೆಯುತ್ತಿದ್ದ ಹಾಗೆಯೇ ಬರೆದಿದ್ದೇನೆ. ಅವಳಿಲ್ಲದಿದ್ದರೂ ನೀವು ಅವಳ ಅಪ್ಪನೇ ತಾನೇ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಿ, ಹಿತ್ತಲಲ್ಲಿ ಓಡಾಡುತ್ತೀರಿ, ಮಾತು ಮಾತ್ರ ಇಲ್ಲ ಎಂದು ಭಾವನವರು ಹೇಳಿದರು. “ಫೋನ್ ಕೊಟ್ರೆ ಎದ್ದು ಹೋಗ್ತಾನಮ್ಮ. ಕಾಗದ ಬರಿ, ಓದಿದ್ರೂ ಓದ್ತಾನೆ” ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ನಡೆದಿರುವುದು ನಿಮ್ಮ ಹೆಸರಿನಲ್ಲಿ ನಡೆದಿದೆ. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ.

ನಿಮಗೆ ಗೊತ್ತಿರುವುದರಿಂದಲೇ ಶುರುಮಾಡುತ್ತೇನೆ. ಯಾಕೆಂದರೆ ನಾವಿಬ್ಬರೂ ಅದನ್ನು ಒಬ್ಬರಿಗೊಬ್ಬರು ಒಮ್ಮೆಯೂ ಹೇಳಿಕೊಂಡಿಲ್ಲ. ಗುಬ್ಬಿಗೆ ಮೆದುಳಿನ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ನೀವು ಚರ್ಚಿನ ಪ್ರಸಂಗಪೀಠದಲ್ಲಿ ನಿಂತು, ಅವಳು ಎದ್ದು ಬರುತ್ತಾಳೆ, ನನಗೆ ಉತ್ತರ ಸಿಕ್ಕಿದೆ ಎಂದಿರಿ. ಇಡೀ ಸಭೆ ಮೊಣಕಾಲೂರಿತು. ಅವಳು ಬರಲಿಲ್ಲ. ಮಣ್ಣು ಮಾಡುವ ದಿನ ಪ್ರಾರ್ಥನೆ ನಡೆಸಿದವರೂ ನೀವೇ, ದನಿ ಒಂದಿಷ್ಟೂ ನಡುಗಲಿಲ್ಲ. ಕಲ್ಲಿನಂಥ ಮನುಷ್ಯ ಎಂದುಕೊಂಡೆ. ಮುಂದಿನ ಭಾನುವಾರ ಪೀಠ ಹತ್ತಿ, ಬೈಬಲ್ ತೆರೆದು, ಬಾಯಿ ತೆರೆದಿರಿ. ಏನೂ ಹೊರಡಲಿಲ್ಲ. ಕೆಮ್ಮು ಬಂದಿರಬೇಕೆಂದು ಕಾರ್ಯದರ್ಶಿ ನೀರು ತಂದುಕೊಟ್ಟರು. ಆ ಲೋಟವನ್ನು ನೀವು ಎಂದೂ ಕಾಣದ ವಸ್ತುವಿನಂತೆ ನೋಡಿದಿರಿ. ಇಳಿದು ಪಕ್ಕದ ಬಾಗಿಲಿನಿಂದ ಹೊರಟುಹೋದಿರಿ. ಆ ವಾರವೇ ಒಂದು ಚೀಲ ಹಿಡಿದು ಅಣ್ಣನ ಮನೆ ಸೇರಿದಿರಿ. ನಾಲ್ಕು ದಿನ ಇದ್ದು ಬರ್ತೀನಿ ಎಂದು ಕೂಡ ನೀವು ಹೇಳಲಿಲ್ಲ. ನಿಮ್ಮ ಪರವಾಗಿ ಜನರಿಗೆ ಅದನ್ನು ಹೇಳಿದವಳು ನಾನು.

ಆಮೇಲೆ ಕಿಕ್ ತಾತ ಬಂದರು. ಹಳೇ ಸ್ಕೂಟರಿಗೆ ಕಿಕ್ ಹೊಡೆದ ಹಾಗೆ ಮೂರು ಸಲ ಗಂಟಲು ಕೆರೆದೇ ಮಾತು ಶುರುಮಾಡುವ ನಮ್ಮ ಕಾರ್ಯದರ್ಶಿಗೆ ಗುಬ್ಬಿ ಇಟ್ಟ ಹೆಸರು ಅದು. ಈಗ ನನ್ನ ಬಾಯಲ್ಲೂ ಅದೇ ನಿಂತುಬಿಟ್ಟಿದೆ. “ಅಮ್ಮಾ, ಪಾದ್ರಿಗಳ ಮಾತು ನಾಲ್ಕು ಸಾಲಾದ್ರೂ ಚರ್ಚ್ ಬ್ಲಾಗ್‌ನಲ್ಲಿ ಬರ್ತಾ ಇರ್ಲಿ. ಇಲ್ಲಾಂದ್ರೆ ಜನ, ಇವರು ಬಿಟ್ಟೇ ಹೋದ್ರು ಅಂದ್ಕೋತಾರೆ. ಆಮೇಲೆ ಚರ್ಚ್ ಕೊಟ್ಟಿರೋ ಈ ಮನೆ ವಿಷಯಾನೂ ಬರುತ್ತೆ” ಎಂದರು. ನಾನು ನಿಮಗೆ ಫೋನ್ ಮಾಡಿದೆ. ನೆನಪಿದೆಯೋ ಇಲ್ಲವೋ, ಆವತ್ತು ನೀವು ಆಡಿದ್ದು ಮೂರೇ ಮಾತು: “ನೀನೇ ಏನಾದ್ರೂ ಹಾಕು.” ನಾನು ಹಾಕಿದೆ.

ನಮ್ಮ ಬ್ಲಾಗು ಆಗ ಹೇಗಿತ್ತು ಎಂದು ನಿಮಗೆ ಗೊತ್ತು. ಆರಾಧನೆಯ ಸಮಯ, ಯಾರದ್ದೋ ಬೆನ್ನು ಮಾತ್ರ ಕಾಣುವ ಸ್ವಚ್ಛತಾ ದಿನದ ಫೋಟೊಗಳು, ‘ಶೀಘ್ರದಲ್ಲೇ’ ಎಂದು ವರ್ಷಗಟ್ಟಲೆ ಹೇಳುತ್ತಲೇ ಇದ್ದ ಒಂದು ಖಾಲಿ ಪುಟ. ಓದುವವರು ಇಬ್ಬರೇ. ಒಬ್ಬರು ನೀವು, ಇನ್ನೊಬ್ಬಳು ಕಾಗುಣಿತದ ತಪ್ಪು ಹುಡುಕುವ ನಾನು.

ಮೊದಮೊದಲು ನಿಮ್ಮ ಹಳೆಯ ಪ್ರಸಂಗಗಳನ್ನೇ ತುಂಡು ಮಾಡಿ ಹಾಕಿದೆ. ಅದು ಹೆಚ್ಚು ದಿನ ಆಗಲಿಲ್ಲ. ಕೇಳಿದವರಿಗೆಲ್ಲ ಸಿಕ್ಕೇ ಸಿಗುತ್ತದೆ ಎಂಬ ನಿಮ್ಮ ಆ ಧೈರ್ಯದ ದನಿಯನ್ನು ಟೈಪ್ ಮಾಡುತ್ತಿದ್ದರೆ ಬೆರಳು ಬಿಗಿಯುತ್ತಿತ್ತು. ಒಂದು ಬೆಳಿಗ್ಗೆ ಗುಬ್ಬಿಯ ಶಾಲೆಯಿಂದ ಫೋನಿಗೆ ಸಂದೇಶ ಬಂತು. ‘ನಿಮ್ಮ ಮಗು ಇಂದು ತರಗತಿಗೆ ಗೈರುಹಾಜರಾಗಿದೆ, ಕಾರಣ ತಿಳಿಸಿ.’ ಯಾರೂ ಅವಳ ಹೆಸರನ್ನು ತೆಗೆದಿರಲಿಲ್ಲ. ಯಂತ್ರ ತನ್ನ ಪಾಡಿಗೆ ತಾನು ದಿನವೂ ಕೇಳುತ್ತಿತ್ತು. ಶಾಲೆಗೆ ಹೋಗಿ ಹೇಳಿದ್ದರೆ ನಿಲ್ಲಿಸುತ್ತಿದ್ದರು. ನಾನು ಹೋಗಲಿಲ್ಲ. ದಿನಕ್ಕೊಮ್ಮೆಯಾದರೂ ಯಾರೋ ಅವಳೆಲ್ಲಿ ಎಂದು ಕೇಳುತ್ತಿದ್ದಾರಲ್ಲ ಎನಿಸುತ್ತಿತ್ತು. ಅದನ್ನೇ ಬರೆದೆ, ನೀವು ಬರೆದ ಹಾಗೆ, ‘ನನ್ನ ಫೋನಿಗೆ’ ಎಂದು. ‘ಕಾರಣ ತಿಳಿಸಿ’ ಎಂದು ತಲೆಬರಹ ಕೊಟ್ಟೆ. ಬರೆದು ಮುಗಿಸುವಾಗ ಕೊನೆ ಸಿಗಲಿಲ್ಲ. ಪಾದ್ರಿಯ ಬರಹ ಹಾಗೆ ನಡುದಾರಿಯಲ್ಲಿ ನಿಲ್ಲುವಂತಿಲ್ಲ. ಆದ್ದರಿಂದ ಒಂದು ಸಾಲು ಸೇರಿಸಿದೆ: ‘ಉತ್ತರ ಕೊಡದಿದ್ದರೂ ದೇವರು ನಮ್ಮ ಪಕ್ಕದಲ್ಲೇ ಕೂತಿದ್ದಾನೆ, ಎದ್ದು ಹೋಗಿಲ್ಲ.’ ಬರಹಕ್ಕೊಂದು ಕೊನೆ ಬೇಕಿತ್ತು, ಬರೆದೆ. ಅಷ್ಟೇ.

ಮಾರನೆಯ ದಿನ ನೋಡಿದರೆ ಓದುಗರ ಪ್ರತಿಕ್ರಿಯೆಗಳು ಪುಟದ ಕೆಳಗೆ ಉದ್ದಕ್ಕೂ ಇಳಿದಿದ್ದವು. ನಮ್ಮ ಸಭೆಯವರಷ್ಟೇ ಅಲ್ಲ, ಯಾವ ಸಭೆಯೂ ಇಲ್ಲದವರು, ಚರ್ಚಿನ ಮೆಟ್ಟಿಲು ಹತ್ತದವರು. ಗಂಡ ತೀರಿಕೊಂಡವರು, ಹೊಟ್ಟೆಯಲ್ಲೇ ಕೂಸು ಹೋದವರು, ಅಮ್ಮನ ಫೋನ್ ನಂಬರನ್ನು ಇನ್ನೂ ಅಳಿಸದ ಒಬ್ಬ ಲಾರಿ ಡ್ರೈವರ್. ಎಲ್ಲರೂ ನಿಮಗೆ ಬರೆದಿದ್ದರು.

ಆಮೇಲೆ ಪ್ರತಿ ವಾರ ಬರೆದೆ. ಬರೆಯುತ್ತ ಬರೆಯುತ್ತ ಕೆಲಸ ಕೈಗೆ ಹತ್ತಿತು. ಸೂರ್ಯೋದಯದ ಫೋಟೊ ಹಾಕಿದರೆ ಯಾರೂ ನಿಲ್ಲುವುದಿಲ್ಲ, ಮೂಲೆ ಸವೆದ ನಮ್ಮದೇ ಬೆಂಚಿನ ಫೋಟೊ ಹಾಕಿದರೆ ನಿಲ್ಲುತ್ತಾರೆ. ಜನ ಬಸ್ಸಿನಲ್ಲಿ ನಿಂತುಕೊಂಡು ಓದುತ್ತಾರೆ, ಪ್ಯಾರಾ ಚಿಕ್ಕದಿರಬೇಕು. ತಲೆಬರಹದಲ್ಲಿ ಉಪದೇಶ ಇರಬಾರದು, ಅವರು ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆ ಇರಬೇಕು. ‘ನಿಮಗಾಗಿ ಪ್ರಾರ್ಥಿಸುತ್ತೇವೆ’ ಎಂದು ಎಲ್ಲರಿಗೂ ಒಂದೇ ಮುದ್ರೆ ಒತ್ತಬಾರದು, ಒಬ್ಬೊಬ್ಬರಿಗೂ ಅವರ ಹೆಸರು ಹಿಡಿದು ಬರೆಯಬೇಕು. ಬೇರೆ ಸಭೆಗಳ ಕಮಿಟಿಯವರು ನನ್ನಿಂದ ಇದನ್ನೆಲ್ಲ ಕಲಿಯಲು ಬಂದರು ಎಂದರೆ ನಂಬುತ್ತೀರಾ? ಸಭಾಂಗಣದಲ್ಲಿ ಕುರ್ಚಿ ಹಾಕಿಸಿ, ಕಿಕ್ ತಾತ ನನ್ನನ್ನು ‘ಪಾದ್ರಿಗಳ ಬರಹವನ್ನು ಬ್ಲಾಗಿಗೆ ಏರಿಸುವವರು’ ಎಂದು ಪರಿಚಯಿಸಿದರು. ಅವರಿಗೆ ಗೊತ್ತಿತ್ತು ಬರೆಯುವವಳು ನಾನೇ ಎಂದು. ನನ್ನ ಮುಖ ನೋಡದೆಯೇ ಹೇಳಿದರು. ಕೊನೆಯಲ್ಲಿ ಒಬ್ಬರು, ಎಲ್ಲಕ್ಕಿಂತ ಮುಖ್ಯವಾಗಿ ಏನು ಬೇಕಮ್ಮ ಎಂದು ಕೇಳಿದರು. ವಾರ ತಪ್ಪಿಸದೆ ಹಾಕಬೇಕು ಎಂದೆ. ಎಲ್ಲರೂ ಅದನ್ನೇ ಬರೆದುಕೊಂಡರು.

ಹೇಳಬೇಕೆಂದಿದ್ದ ಮಾತಿಗೆ ಈಗ ಬರುತ್ತೇನೆ. ನಾನು ಬರೆದದ್ದು ಅಷ್ಟು ಜನರಿಗೆ ನೆಮ್ಮದಿ ಕೊಟ್ಟಿತು, ನನಗೆ ಮಾತ್ರ ಕೊಡಲಿಲ್ಲ. ಅಡುಗೆ ಮಾಡಿದವಳಿಗೆ ಹಸಿವು ಸತ್ತುಹೋಗುತ್ತದಲ್ಲ, ಹಾಗಲ್ಲ ಇದು. ನೋವು ನನ್ನದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಪ್ರತಿ ಬರಹದ ತುದಿಗೆ ನಾನು ಕಟ್ಟುತ್ತಿದ್ದ ಆ ಸಮಾಧಾನದ ಸಾಲು ಇದೆಯಲ್ಲ, ಅದರಲ್ಲಿ ಒಂದಕ್ಷರವನ್ನೂ ನಾನು ನಂಬಿರಲಿಲ್ಲ. ಕಂಪ್ಯೂಟರ್ ಮುಚ್ಚಿ ಎದ್ದರೆ ಮನೆಯಲ್ಲಿ ನನ್ನ ಪಕ್ಕ ಯಾರೂ ಕೂತಿರಲಿಲ್ಲ. ದೇವರೂ ಇಲ್ಲ, ನೀವೂ ಇಲ್ಲ.

ಹೋದ ತಿಂಗಳು ಒಬ್ಬ ಹೆಂಗಸು ಬಂದಳು. ಬಟ್ಟೆ ಹೊಲಿಯುವವಳು. ಬಟ್ಟೆಯ ನೂಲೆಳೆಗಳು ಅವಳ ಸೀರೆಯ ಮೇಲೆಲ್ಲ ಅಂಟಿಕೊಂಡಿದ್ದವು. ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು. “ಅಯ್ಯನೋರನ್ನ ಒಂದ್ಸಲ ನೋಡ್ಬೇಕಿತ್ತಮ್ಮ. ಮಾತಾಡ್ಸೋದೂ ಬೇಡ, ನೋಡಿದ್ರೆ ಸಾಕು” ಎಂದಳು. ನೀವು ಊರಲ್ಲಿಲ್ಲ ಎಂದು ಅಡುಗೆಮನೆಯಲ್ಲಿ ಕೂರಿಸಿ ನೀರು ಕೊಟ್ಟೆ. ಅವಳ ಮಗ ಕೆರೆಯಲ್ಲಿ ಈಜಲು ಹೋದವನು ಮೇಲೆ ಬಂದಿರಲಿಲ್ಲ. ಅದಾದ ಮೇಲೆ ಅವಳು ಅಂಗಡಿ ಬಾಗಿಲು ತೆಗೆದಿರಲಿಲ್ಲವಂತೆ. ಸಾಯುವುದೆಂದು ಗಟ್ಟಿ ಮಾಡಿಕೊಂಡಿದ್ದ ದಿನ, ಪಕ್ಕದ ಅಂಗಡಿಯವಳು ಯಾರೋ ಕಳಿಸಿದ್ದೆಂದು ‘ಕಾರಣ ತಿಳಿಸಿ’ ಬರಹವನ್ನು ಫೋನಿನಲ್ಲಿ ತೋರಿಸಿದಳಂತೆ.

“ಪಕ್ಕದಲ್ಲೇ ಕೂತಿದ್ದಾನೆ ಅಂತ ಓದಿದೆ ನೋಡಿ, ತಿರುಗಿ ನೋಡ್ಬಿಟ್ಟೆ ಅಮ್ಮ. ನಿಜ್ವಾಗ್ಲೂ ತಿರುಗಿ ನೋಡ್ದೆ. ಯಾರೂ ಇರ್ಲಿಲ್ಲ, ಆದ್ರೂ ಇದ್ದ ಹಾಗೇ ಇತ್ತು. ಎದ್ದು ಹೋಗಿ ಶಟರ್ ಎತ್ತಿದೆ.”

ಅವಳ ಮುಖ ನೋಡುತ್ತಿದ್ದೆ. ಅದರಲ್ಲಿ ಏನೋ ಒಂದು ಇತ್ತು. ಬೆಳಕು ಗಿಳಕು ಎಂದೆಲ್ಲ ಬ್ಲಾಗಿನಲ್ಲಾದರೆ ಬರೆಯುತ್ತಿದ್ದೆನೇನೋ. ಅದು ಬರೀ ಆಸರೆ. ಬಿದ್ದವಳ ಕೈಗೆ ಏನೋ ಸಿಕ್ಕಿತ್ತು, ಹಿಡಿದುಕೊಂಡಿದ್ದಳು. ಅದನ್ನು ಅವಳ ಕೈಗೆ ಕೊಟ್ಟವಳು ನಾನು, ನನ್ನ ಕೈಯಲ್ಲಿ ಮಾತ್ರ ಅದು ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಗುಬ್ಬಿಯ ಅಪ್ಪ. ಬೇರೆ ಹೆಸರು ಕೊಡಲು ಬರುವುದಿಲ್ಲ.

ಹೊರಡುವ ಮುಂಚೆ ನನ್ನ ಕೈ ಹಿಡಿದು, “ನಿಮಗೋಸ್ಕರ ನಾನು ಪ್ರಾರ್ಥನೆ ಮಾಡ್ಲಾ ಅಮ್ಮ?” ಎಂದಳು. ಪಾದ್ರಿಯ ಹೆಂಡತಿಗೆ ಯಾರೂ ಆ ಮಾತು ಕೇಳುವುದಿಲ್ಲ. ಅವಳು ಕಣ್ಣು ಮುಚ್ಚಿ ನಮ್ಮ ಮಗಳಿಗಾಗಿ, ನಿಮಗಾಗಿ, ನನಗಾಗಿ ಬೇಡಿಕೊಂಡಳು. ಆಮೆನ್ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಕಣ್ಣು ತೆರೆದು ಕಾಯುತ್ತಿದ್ದಳು. ನಾನು ಹೇಳಿಬಿಟ್ಟೆ, ಅದನ್ನು ಬರೆದಿದ್ದು ಅಯ್ಯನೋರಲ್ಲ, ನಾನು ಎಂದು.

ಅವಳಿಗೆ ಖುಷಿಯಾಯಿತು! “ಹೌದಾ! ನೋಡಿ ಮತ್ತೆ, ಹೆತ್ತವಳ ಮಾತು ಅದು. ಅದಕ್ಕೇ ನಾಟ್ತು” ಎಂದಳು. ಅಲ್ಲಿಗೆ ಬಿಡಬಹುದಿತ್ತು. ಆದರೆ ಅವಳು ನನ್ನ ಕೈ ಇನ್ನೂ ಗಟ್ಟಿಯಾಗಿ ಹಿಡಿದು ಕೇಳಿದಳು, “ನಿಮಗೂ ಹಾಗೇ ಅನ್ಸುತ್ತಾ ಅಮ್ಮ, ಪಕ್ಕದಲ್ಲೇ ಇದ್ದ ಹಾಗೆ?” ನಾನು ಇಲ್ಲ ಎಂದೆ. ಯಾವತ್ತೂ ಅನ್ನಿಸಿಲ್ಲ, ಬರಹ ಮುಗಿಸಬೇಕಿತ್ತು, ಬರೆದೆ ಎಂದೆ.

ಒಬ್ಬಳಿಗಾದರೂ ನಿಜ ಹೇಳಬೇಕೆನಿಸಿತ್ತು. ಅವಳು ನನ್ನ ಹಾಗೆಯೇ ಬೆಂದವಳು, ಅವಳಿಗೆ ಅರ್ಥವಾಗುತ್ತದೆ ಎಂದುಕೊಂಡೆ. ಅವಳು ನಿಧಾನವಾಗಿ ಕೈ ಬಿಟ್ಟಳು. ಲೋಟದಲ್ಲಿ ಉಳಿದ ನೀರು ಕುಡಿದು, ತೊಳೆಯಲು ಹೋದಳು. ಬೇಡ ಎಂದರೂ ತೊಳೆದು ಬೋರಲು ಹಾಕಿ, ಚೀಲ ಎತ್ತಿಕೊಂಡು ಹೋದಳು. ಬರ್ತೀನಿ ಎನ್ನಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಅವಳ ಊರಿಗೆ ಹೋದೆ. ಬಸ್ಸಿನಲ್ಲಿ ಕೂತವಳ ತಲೆಯಲ್ಲಿ ಒಂದೇ ಚಿತ್ರ, ಮುಚ್ಚಿದ ಶಟರ್. ವಿಚಾರಿಸಿಕೊಂಡು ಅಂಗಡಿ ಹುಡುಕಿದೆ. ಶಟರ್ ಎತ್ತಿತ್ತು. ಅವಳು ಮಿಷನ್ ಮುಂದೆ ಕೂತು ಯಾರದ್ದೋ ರವಿಕೆಯ ತೋಳು ಕೂಡಿಸುತ್ತಿದ್ದಳು. ಅವಳು ತಲೆ ಎತ್ತಿ ನೋಡಿದಳು, ಮತ್ತೆ ಹೊಲಿಯತೊಡಗಿದಳು. ಕೂತ್ಕೊಳ್ಳಿ ಎನ್ನಲಿಲ್ಲ. ಬಾಗಿಲಲ್ಲೇ ನಿಂತು, ತಪ್ಪಾಯಿತು ಎಂದೆ.

ಮಿಷನ್ ನಿಲ್ಲಿಸಿದಳು.

“ಬರೆದಿದ್ದು ತಪ್ಪಲ್ಲ ಅಮ್ಮ. ಹೇಳಿದ್ದು ತಪ್ಪು. ಹೇಳ್ದೇ ಇದ್ದಿದ್ರೆ ನಿಮಗೇನ್ ಹೋಗ್ತಿತ್ತು?”

ಸೂಜಿಯ ಕೆಳಗಿನಿಂದ ತೋಳನ್ನು ಬಿಡಿಸಿದಳು.

“ನಿಮ್ಮ ಭಾರ ಇಳಿಸ್ಕೊಂಡ್ರಿ. ಈಗ ಪಕ್ಕಕ್ಕೆ ತಿರುಗಿ ನೋಡೋಕೆ ಭಯ ಆಗುತ್ತೆ ನನಗೆ. ಗಿರಾಕಿಗಳಿಗೆ ಮಾತು ಕೊಟ್ಟಿದೀನಿ, ಹೊಲಿದು ಕೊಡ್ತೀನಿ. ಅದು ಬಿಟ್ಟು ಬೇರೇನೂ ಇಲ್ಲ ಈಗ. ಇನ್ನು ಬರ್ಬೇಡಿ.” ಅಷ್ಟೇ ಅಂದದ್ದು. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಪಕ್ಕದ ಅಂಗಡಿಯವಳನ್ನು ಕಂಡು, ಇವಳನ್ನು ಒಂಟಿಯಾಗಿ ಬಿಡಬೇಡಿ, ಆಗಾಗ ನೋಡುತ್ತಿರಿ ಎಂದು ಬೇಡಿಕೊಂಡು ಬಂದೆ. ಆ ಪಕ್ಕದವಳಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. “ಬಾಗಿಲು ತೆಗ್ದಿದ್ದಾಳೆ ಕಣಮ್ಮ, ಮಾತಿಲ್ಲ” ಎನ್ನುತ್ತಾಳೆ. ಭಾವನವರು ನಿಮ್ಮ ಬಗ್ಗೆ ಹೇಳುವುದೂ ಇದನ್ನೇ.

ಆ ವಾರ ನಾನು ಏನೂ ಹಾಕಲಿಲ್ಲ. ಕಮಿಟಿ ಸೇರಿತು. ಎಲ್ಲ ಹೇಳಿದೆ, ಬರೆಯುತ್ತಿದ್ದವಳು ನಾನು, ಇನ್ನು ಬರೆಯುವುದಿಲ್ಲ ಎಂದು. ಯಾರಿಗೂ ಆಶ್ಚರ್ಯವಾಗಲಿಲ್ಲ. ಒಬ್ಬರು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟರು. ಕಿಕ್ ತಾತ ಗಂಟಲು ಕೆರೆದು ಹೇಳಿದರು, “ಯಾರು ಬರೆದ್ರೇನಮ್ಮ, ಜನಕ್ಕೆ ಒಳ್ಳೇದಾಗ್ತಿದೆ. ಭಾನುವಾರ ಹೊಸ ಮುಖಗಳು ಕಾಣ್ತಿವೆ.” ಆಮೇಲೆ ನಿಮ್ಮ ವಿಷಯ ಬಂತು. ಪೀಠ ಎಷ್ಟು ದಿನ ಖಾಲಿ ಬಿಡುವುದು? ಈ ತಿಂಗಳ ಕೊನೆಯೊಳಗೆ ನೀವು ಬರದಿದ್ದರೆ ಹೊಸ ಪಾದ್ರಿಯನ್ನು ಕರೆಸುತ್ತಾರೆ. ಅವರಿಗೆ ಮನೆ ಬೇಕು. ಅವರು ಕೆಟ್ಟವರಲ್ಲ, ತಲೆ ತಗ್ಗಿಸಿಯೇ ಹೇಳಿದರು. ನಾನು ಎದ್ದು ಬಾಗಿಲ ತನಕ ಬಂದಿದ್ದೆ, ಕಿಕ್ ತಾತ ಹಿಂದೆಯೇ ಬಂದು ಮೆಲ್ಲಗೆ ಹೇಳಿದರು, “ಮನೆ ಬಿಟ್ರೂ ಬ್ಲಾಗ್ ಬಿಡ್ಬೇಡಿ ಅಮ್ಮ.” ನನಗೆ ನಗು ಬಂತು. ಗುಬ್ಬಿ ಹೋದ ಮೇಲೆ ಮೊದಲ ಸಲ ಜೋರಾಗಿ ನಕ್ಕೆ. ಅವರು ಹೆದರಿಬಿಟ್ಟರು.

ಮನೆಗೆ ಬಂದು ನಾಲ್ಕು ಸಾಲು ಬರೆದು ಹಾಕಿದೆ. ‘ಇಷ್ಟು ದಿನ ಇಲ್ಲಿ ಬರೆದವಳು ಪಾದ್ರಿಯ ಹೆಂಡತಿ. ನೋವು ನಿಜ, ಸಮಾಧಾನ ನನಗೆ ಗೊತ್ತಿಲ್ಲದ್ದು. ಯಾರಿಗಾದರೂ ನನ್ನಿಂದ ಮೋಸವಾಗಿದ್ದರೆ ಕ್ಷಮಿಸಿ. ಇನ್ನು ಬರೆಯುವುದಿಲ್ಲ.’ ಬಟ್ಟೆ ಒಗೆದು ಬಂದು ನೋಡುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಪಾಸ್‌ವರ್ಡ್ ಕಿಕ್ ತಾತನ ಬಳಿಯೂ ಇದೆ. ಅದರ ಜಾಗದಲ್ಲಿ ‘ಕಾರಣ ತಿಳಿಸಿ’ ಮತ್ತೆ ಬಂದಿತ್ತು, ಹೊಸ ದಿನಾಂಕ ಹೊತ್ತು, ಕೆಳಗೆ ನಿಮ್ಮ ಹೆಸರು. ನನ್ನ ಪಾಸ್‌ವರ್ಡ್ ಈಗ ನಡೆಯುವುದಿಲ್ಲ. ಹೊಸ ಪಾದ್ರಿ ಬರುವ ತನಕ ಹಳೆಯದನ್ನೇ ಒಂದೊಂದಾಗಿ ಹಾಕುತ್ತಾರಂತೆ. ಕೇಳಿದ್ದಕ್ಕೆ, “ಜನ ಕೇಳ್ತಾರಮ್ಮ, ಏನ್ಮಾಡ್ಲಿ?” ಎಂದರು. ಅವರ ಕಣ್ಣಲ್ಲೂ ನೀರಿತ್ತು. ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡವರಲ್ಲವೇ. ಅವರೂ ಓದುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಇವತ್ತು ಬೆಳಿಗ್ಗೆ ನೋಡಿದೆ. ಹೊಸ ಪ್ರತಿಕ್ರಿಯೆಗಳು ಬಂದಿವೆ. ಯಾರೋ ಒಬ್ಬರು, ಅಯ್ಯನವರೇ, ನಿಮ್ಮ ಮಾತು ನನ್ನನ್ನು ಉಳಿಸಿತು ಎಂದು ಬರೆದಿದ್ದಾರೆ. ಉತ್ತರ ಕೊಡಲು ನನಗೆ ದಾರಿಯಿಲ್ಲ. ಕೊಟ್ಟರೂ ಏನೆಂದು ಕೊಡಲಿ? ಆ ಬರಹಗಳನ್ನು ತೆಗೆಸಿದರೆ ಇಂಥವರ ಕೈ ಬಿಟ್ಟ ಹಾಗೆ. ಹಾಗೇ ಇರಲಿ ಎಂದರೆ ಆ ಹೊಲಿಗೆಯವಳಿಗೆ ಬಗೆದ ದ್ರೋಹವನ್ನೇ ಎಲ್ಲರಿಗೂ ಬಗೆದ ಹಾಗೆ. ಮೊದಲಾಗಿದ್ದರೆ ಇಂಥದ್ದನ್ನು ನಿಮ್ಮನ್ನು ಕೇಳುತ್ತಿದ್ದೆ. ನೀವು ಕನ್ನಡಕ ಒರೆಸುತ್ತ ಏನಾದರೂ ಹೇಳುತ್ತಿದ್ದಿರಿ, ನಾನು ಅದನ್ನು ನಂಬುತ್ತಿದ್ದೆ.

ನೀವು ಬರಬೇಕೆಂದು ಕರೆಯಲು ಇದನ್ನು ಬರೆದಿಲ್ಲ. ಪೀಠಕ್ಕೆ ಹತ್ತಿ ಎಂದು ಯಾರೂ ನಿಮ್ಮನ್ನು ಒತ್ತಾಯ ಮಾಡಬಾರದು, ನಾನಂತೂ ಮಾಡುವುದಿಲ್ಲ. ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ನೋಡಿದ್ದೇನೆ. ಕಿಟಕಿ ರಸ್ತೆಗೆ ತೆರೆಯುತ್ತದೆ, ಇಡೀ ದಿನ ಗದ್ದಲ, ನನಗೆ ಅದೇ ಬೇಕು. ಕೆಳಗೆ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸವನ್ನೂ ಕೊಡುತ್ತಾರಂತೆ. ನಿಮ್ಮ ಪುಸ್ತಕಗಳನ್ನು ಭಾವನವರ ಮನೆಗೆ ಕಳಿಸಲೋ, ನನ್ನ ಜೊತೆ ಒಯ್ಯಲೋ, ಅದನ್ನೊಂದು ತಿಳಿಸಿ. ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಭಾವನವರಿಗೂ ಅವರ ಮನೆಯಾಕೆ ಅಕ್ಕನವರಿಗೂ ನನ್ನ ನಮಸ್ಕಾರ ಹೇಳಿ. ಅಕ್ಕ ಬಡಿಸಿದಾಗ ಸಾಕು, ಬೇಕು ಎಂದಾದರೂ ಬಾಯಿಬಿಟ್ಟು ಹೇಳಿ, ಪಾಪ.

ಇಂತಿ,
ನಂಬಲಾಗದಿದ್ದರೂ ನಿಮ್ಮವಳೇ ಆದ
ನಾನು

ಮರೆತ ಮಾತು: ಮರೆತದ್ದಲ್ಲ. ಇದನ್ನು ಬ್ಲಾಗಿನಲ್ಲಿ ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ನೀವು ಇನ್ನಷ್ಟು ಕುಸಿಯುತ್ತೀರಿ ಎಂದು ನಿಮಗೂ ಹೇಳಲಿಲ್ಲ. ಆ ಸಂಜೆ ನೀವೆಲ್ಲ ಚರ್ಚಿನಲ್ಲಿ ಮೊಣಕಾಲೂರಿದ್ದಾಗ ಗುಬ್ಬಿಗೆ ಒಂದು ಗಳಿಗೆ ಎಚ್ಚರವಾಗಿತ್ತು. ಅಪ್ಪ ಎಲ್ಲಿ ಎಂದು ಕೇಳಿದಳು. ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ದಾರೆ ಎಂದೆ. “ಪ್ರಾರ್ಥನೆ ಸಾಕು ಅನ್ನಮ್ಮ. ಇಲ್ಲಿಗೆ ಬಾ ಅನ್ನು” ಎಂದಳು. ಅಷ್ಟರಲ್ಲಿ ಡಾಕ್ಟರು ಬಂದು ನನ್ನನ್ನು ಹೊರಗೆ ಕಳಿಸಿದರು, ಆಮೇಲೆ ಅವಳಿಗೆ ಎಚ್ಚರವಾಗಲೇ ಇಲ್ಲ. ನಿಮ್ಮನ್ನು ದೂರುವುದಕ್ಕೆ ಹೇಳುತ್ತಿಲ್ಲ. ಅವಳ ದನಿಯಲ್ಲೂ ದೂರು ಇರಲಿಲ್ಲ. ಊಟಕ್ಕೆ ಕರೆಯುವ ಹಾಗೆ ಕರೆದಳು.